ಏರಿನಲ್ಲಿ ಆಫ್ ಆಗುವ ಹಳೆ ಡೀಸೆಲ್ ಪಿಕಪ್: ಕಾರಣ ಹುಡುಕುವುದು ಹೇಗೆ

ನಮ್ಮ ಚಿಕ್ಕಪ್ಪನ ಪಿಕಪ್ ಗ್ಯಾರೇಜಿನಲ್ಲಿ ಒಂದು ದಿನವೂ ಆಫ್ ಆಗಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಉಜಿರೆ ಕಡೆಯಿಂದ ಲೋಡು ತುಂಬಿಕೊಂಡು ಚಾರ್ಮಾಡಿ ಘಾಟಿ ಏರುವಾಗ ಯಾವುದೋ ಒಂದು ತಿರುವಿನಲ್ಲಿ ನಿಂತುಬಿಡುತ್ತಿತ್ತು. ಹಿಂದೆ ಬಸ್ಸು, ಪಕ್ಕದಲ್ಲಿ ಪ್ರಪಾತ, ಮೇಲೆ ಮಳೆ. ಪ್ರೈಮರ್ (ಪೈಪಿಗೆ ಡೀಸೆಲ್ ತುಂಬಲು ಕೈಯಲ್ಲಿ ಒತ್ತುವ ಚಿಕ್ಕ ಪಂಪು) ಒತ್ತಿ ಒತ್ತಿ, ಸೆಲ್ಫ್ ಹೊಡೆದು ಹೊಡೆದು, ಹತ್ತು ನಿಮಿಷದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ನನಗೇನಾಗಿದೆ ಅನ್ನುವ ಹಾಗೆ ಗುಡುಗುಡು ಓಡುತ್ತಿತ್ತು. ನೋಡಿದ ಮೆಕ್ಯಾನಿಕ್‌ಗಳು ಒಬ್ಬೊಬ್ಬರು ಒಂದೊಂದು ಬದಲಾಯಿಸಿದರು. ಡೀಸೆಲ್ ಫಿಲ್ಟರ್ ಮೂರು ಸಲ. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಒಂದು ಸಲ. ಆಮೇಲೆ ನಾಜಲಿಗೆ ಡೀಸೆಲ್ ಒತ್ತುವ ಪಂಪ್ ಬಿಚ್ಚಿ, ಅಳತೆ ಸರಿಮಾಡುವ ಕ್ಯಾಲಿಬ್ರೇಶನ್‌ಗೂ ಕಳಿಸಿದ್ದಾಯಿತು. ಗಾಡಿ ಮಾತ್ರ ನಿಲ್ಲುವುದನ್ನು ನಿಲ್ಲಿಸಲಿಲ್ಲ.

ಕೊನೆಗೆ ಬೇಕಾದದ್ದು ಒಂದು ಅಡಿ ರಬ್ಬರ್ ಪೈಪು, ಎರಡು ಕ್ಲಿಪ್ಪು. ಅದನ್ನು ಹುಡುಕುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದು ಮೆಕ್ಯಾನಿಕಲ್ ಪಂಪ್ ಇರುವ ಹಳೆ ಡೀಸೆಲ್ ಗಾಡಿಯ ಮಾತು. ಕಾಮನ್ ರೈಲ್ (ಎಲ್ಲ ನಾಜಲಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಕೊಡುವ ಹೊಸ ಪದ್ಧತಿ), ಕಂಪ್ಯೂಟರ್ ಬರುವುದಕ್ಕೆ ಮುಂಚಿನದು. ಚಿಕ್ಕಪ್ಪನದು 2004ರ ಗಾಡಿ, ರೋಟರಿ ಪಂಪು. ಇಂಥ ಎಂಜಿನ್ ಬಲು ಸರಳ. ಸ್ಪಾರ್ಕ್ ಪ್ಲಗ್ ಇಲ್ಲ, ಇಗ್ನಿಷನ್ ಕಾಯಿಲ್ ಇಲ್ಲ. ಗಾಳಿ ಒತ್ತಿ ಬಿಸಿಯಾಗಬೇಕು, ಸರಿಯಾದ ಹೊತ್ತಿಗೆ ಡೀಸೆಲ್ ಬೀಳಬೇಕು, ಅಷ್ಟೇ. ಕಂಪ್ರೆಷನ್ ಹೋದ ಎಂಜಿನ್ ಹತ್ತು ನಿಮಿಷ ಸುಧಾರಿಸಿಕೊಂಡು ಹುಷಾರಾಗುವುದಿಲ್ಲ. ಹಾಗಾಗಿ ಓಡುತ್ತಾ ನಿಂತು, ಆಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುವ ಗಾಡಿ ಹೆಚ್ಚಾಗಿ ಡೀಸೆಲ್ ಸಿಗದೆ ನಿಂತಿರುತ್ತದೆ. ಅಡ್ಡಿ ಇರುವುದು ಡೀಸೆಲ್ ಬರುವ ದಾರಿಯಲ್ಲೋ, ಅದನ್ನು ಪಂಪಿನೊಳಗೆ ಬಿಡುವ ಕರೆಂಟಿನಲ್ಲೋ? ಮುಖ್ಯವಾಗಿ ಇದು ಗೊತ್ತಾಗಬೇಕು.

ಹೇಗೆ ನಿಂತಿತು?

ಗ್ಯಾರೇಜಿನಲ್ಲಿ ಎಲ್ಲರೂ ಕೇಳುವುದು "ಎಷ್ಟು ಸಲ ನಿಂತಿತು?" ಅಂತ. ಕೇಳಬೇಕಾದದ್ದು "ಹೇಗೆ ನಿಂತಿತು?" ಅಂತ.

ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಟಕ್ಕನೆ ನಿಂತರೆ ಕರೆಂಟಿನ ಕಡೆ ನೋಡಿ. ಪಂಪಿನ ಮೇಲೆ ಬೆರಳುದ್ದದ ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ 12 ವೋಲ್ಟ್ ಸಿಕ್ಕಿ ಅದು ಡೀಸೆಲ್ ದಾರಿ ತೆರೆಯುತ್ತದೆ. ಕರೆಂಟ್ ಹೋದರೆ ಮುಚ್ಚುತ್ತದೆ. ಅರೆಕ್ಷಣ ವೈರು ಬಿಟ್ಟುಕೊಂಡರೂ ಎಂಜಿನ್ ತಡವರಿಸುತ್ತದೆ, ಇನ್ನೂ ಸ್ವಲ್ಪ ಜಾಸ್ತಿ ಬಿಟ್ಟರೆ ನಿಂತೇಹೋಗುತ್ತದೆ.

ಹಾಗಲ್ಲದೆ ಮೊದಲು ಎಂಜಿನ್ ಶಕ್ತಿ ಕುಗ್ಗಿ, ಎಕ್ಸಿಲರೇಟರ್ ಒತ್ತಿದರೂ ಎಳೆಯದೆ, ಮಿಸ್ಸಿಂಗ್ ಬಂದು (ಬಿಟ್ಟು ಬಿಟ್ಟು ಓಡಿ), ಗಡಗಡ ನಡುಗಿ ಆಮೇಲೆ ನಿಂತರೆ ಅದು ಡೀಸೆಲ್ ದಾರಿಯ ತೊಂದರೆ. ಗಾಳಿ ಸೇರಿದೆ, ಇಲ್ಲವೇ ಎಲ್ಲೋ ಕಟ್ಟಿದೆ.

ಇನ್ನೊಂದು ಬಗೆ ಇದೆ. ಎಂಜಿನ್ ಭಾರವಾಗುತ್ತಾ ಹೋಗಿ ನಿಂತು, ಸೆಲ್ಫ್ ಹೊಡೆದರೆ ತಿರುಗಲು ಒದ್ದಾಡುತ್ತದೆ. ಆಗ ದಯವಿಟ್ಟು ಮತ್ತೆ ಸೆಲ್ಫ್ ಹೊಡೆಯಬೇಡಿ. ನೀರು, ಆಯಿಲ್ ನೋಡಿ. ಅದು ಬಿಸಿಯಾಗಿ ಹಿಡಿಯುತ್ತಿರುವ ಎಂಜಿನ್, ಈ ಬರಹದ ತೊಂದರೆ ಅಲ್ಲ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಾಗುವ ತನಕ ಮುಟ್ಟಲೇಬೇಡಿ.

ನಿಂತ ಕೂಡಲೇ

ಬಂದುಹೋಗುವ ತೊಂದರೆಯನ್ನು ಹಿಡಿಯಬೇಕಾದರೆ ಅದು ಬಂದಾಗಲೇ ಹಿಡಿಯಬೇಕು. ಪ್ರೈಮರ್ ಒತ್ತಿದಿರೋ, ಸಾಕ್ಷಿ ಅಳಿಸಿಹೋಯಿತು. ನಾವು ಒಂದು ವರ್ಷ ಮಾಡಿದ ತಪ್ಪು ಇದೇ.

ಆದರೆ ಎಲ್ಲಕ್ಕಿಂತ ಮೊದಲು ಗಾಡಿ ನಿಲ್ಲಿಸಿ. ಎಂಜಿನ್ ನಿಂತರೆ ಬ್ರೇಕ್ ಹಗುರ ಮಾಡುವ ಬೂಸ್ಟರಿಗೆ ವ್ಯಾಕ್ಯೂಮ್ (ನಿರ್ವಾತ) ಬರುವುದೂ ನಿಲ್ಲುತ್ತದೆ. ಒಳಗೆ ಉಳಿದದ್ದು ಒಂದೆರಡು ಸಲ ಒತ್ತುವುದಕ್ಕೆ ಮಾತ್ರ ಸಾಕು. ಆದ್ದರಿಂದ ಪೆಡಲನ್ನು ಬಿಟ್ಟು ಬಿಟ್ಟು ಒತ್ತಬೇಡಿ, ಒಂದೇ ಸಲ ಒತ್ತಿ ಹಿಡಿಯಿರಿ. ಪವರ್ ಸ್ಟೀರಿಂಗ್ ಇದ್ದರೆ ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಗಾಡಿ ಉರುಳುತ್ತಿರುವಾಗ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಬಿದ್ದೀತು. ಎಡಕ್ಕೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗೇರಿಗೆ ಹಾಕಿ, ಗಾಲಿಗೆ ಕಲ್ಲು ಕೊಡಿ.

ಈಗ ಕೀ ಆನ್‌ನಲ್ಲೇ ಇರಲಿ. ಡ್ಯಾಶ್ ಬೋರ್ಡ್ ನೋಡಿ. ಬ್ಯಾಟರಿ ದೀಪ, ಆಯಿಲ್ ದೀಪ ಉರಿಯುತ್ತಿವೆಯೇ? ಉರಿಯುತ್ತಿದ್ದರೆ ಕೀ ತನಕ ಕರೆಂಟ್ ಬರುತ್ತಿದೆ. ಡ್ಯಾಶ್ ಪೂರ್ತಿ ಕತ್ತಲಾದರೆ ತೊಂದರೆ ಪಂಪಿನದಲ್ಲ. ಬ್ಯಾಟರಿ ಟರ್ಮಿನಲ್ಲು, ಅರ್ಥ್ ವೈರು, ಮುಖ್ಯ ಫ್ಯೂಸು, ಕೀ ಸ್ವಿಚ್ಚು, ಇವುಗಳಲ್ಲೊಂದು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಸೆಲ್ಫ್ ಹೊಡೆಯುವ ಗಡಿಬಿಡಿಯಲ್ಲಿ ಯಾರೂ ಮಾಡುವುದಿಲ್ಲ.

ಆಮೇಲೆ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಬುಸ್ ಎಂದು ಜೋರಾಗಿ ಗಾಳಿ ಒಳಗೆ ಎಳೆದುಕೊಂಡರೆ ಟ್ಯಾಂಕಿಗೆ ಗಾಳಿ ಬರುವ ತೂತು ಕಟ್ಟಿದೆ. ಡೀಸೆಲ್ ಖಾಲಿಯಾದಷ್ಟೂ ಒಳಗೆ ನಿರ್ವಾತ ಹೆಚ್ಚಿ, ಪಂಪಿಗೆ ಎಳೆಯಲಾಗದೆ ಗಾಡಿ ನಿಂತಿರುತ್ತದೆ. ಮಣ್ಣಿನ ರಸ್ತೆಯ ಗಾಡಿಗಳಲ್ಲಿ ಇದು ಆಗುವುದುಂಟು. ಮುಚ್ಚಳ ಸಡಿಲ ಬಿಟ್ಟು ನಾಲ್ಕು ದಿನ ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಹಾಗೆ ಬಿಡಬೇಡಿ.

ಕೊನೆಗೆ ಪ್ರೈಮರ್. ಒತ್ತುವಾಗ ಬೆರಳಿನಲ್ಲೇ ತಿಳಿಯುತ್ತದೆ. ಒಂದೆರಡು ಒತ್ತಿಗೇ ಗಟ್ಟಿಯಾದರೆ ದಾರಿಯಲ್ಲಿ ಡೀಸೆಲ್ ತುಂಬಿಯೇ ಇತ್ತು, ಕರೆಂಟಿನ ಕಡೆ ಹೋಗಿ. ಇಪ್ಪತ್ತು ಮೂವತ್ತು ಸಲ ಮೆತ್ತಗೆ ಒಳಗೆ ಹೋಗಿ ಆಮೇಲೆ ಗಟ್ಟಿಯಾದರೆ ಗಾಳಿ ಸೇರಿತ್ತು. ಒತ್ತಿದ್ದು ಮೇಲಕ್ಕೆ ಬರಲು ತಡವರಿಸಿದರೆ ಟ್ಯಾಂಕಿನ ಕಡೆ ಏನೋ ಕಟ್ಟಿದೆ.

ಇಷ್ಟನ್ನೂ ಬರೆದಿಡಿ. ಡ್ಯಾಶ್ ಮೇಲೆ ಒಂದು ಚಿಕ್ಕ ನೋಟ್‌ಬುಕ್ಕು, ಪೆನ್ನು. ತಾರೀಖು, ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ಲು, ಏರೋ ಸಮವೋ, ಎಂಜಿನ್ ಬಿಸಿಯೋ, ಹೇಗೆ ನಿಂತಿತು, ಎಷ್ಟು ಒತ್ತಿದ ಮೇಲೆ ಸ್ಟಾರ್ಟ್ ಆಯಿತು. ಚಿಕ್ಕಪ್ಪ ಮೊದಲು ನಕ್ಕರು. "ಇದೇನೋ ಡಾಕ್ಟರ ಚೀಟಿ ಆಯ್ತಲ್ಲ ಮಾರಾಯ" ಅಂದರು. ಆದರೂ ಬರೆದರು. ಎರಡು ತಿಂಗಳ ಆ ಪುಟಗಳೇ ನಮಗೆ ದಾರಿ ತೋರಿಸಿದ್ದು.

ಗಾಳಿ ಎಳೆಯುವ ಪೈಪು ತೊಟ್ಟಿಕ್ಕುವುದಿಲ್ಲ

ನೋಟ್‌ಬುಕ್ಕಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು: ಏರು, ಟ್ಯಾಂಕು ಕಾಲು ಭಾಗ. ಇಳಿಯುವಾಗ ಒಂದು ಸಲವೂ ಇಲ್ಲ. ಟ್ಯಾಂಕ್ ತುಂಬಿದ್ದ ದಿನ ಒಂದು ಸಲವೂ ಇಲ್ಲ.

ಯಾಕೆ? ಪಿಕಪ್‌ನಲ್ಲಿ ಟ್ಯಾಂಕು ಕ್ಯಾಬಿನ್ ಹಿಂದೆ, ಚಾಸಿಯ ಪಕ್ಕದಲ್ಲಿ ಕೆಳಗಿರುತ್ತದೆ. ಎಂಜಿನ್ ಮುಂದೆ. ಗಾಡಿ ಏರಿಗೆ ಮುಖ ಮಾಡಿದರೆ ಎಂಜಿನ್ ಇನ್ನೂ ಮೇಲೆ ಹೋಗುತ್ತದೆ, ಟ್ಯಾಂಕು ಇನ್ನೂ ಕೆಳಗೆ. ಟ್ಯಾಂಕ್ ಖಾಲಿಯಾದಷ್ಟೂ ಡೀಸೆಲ್ ಮಟ್ಟವೂ ಕೆಳಗೆ. ಪಂಪು ಜಾಸ್ತಿ ಎತ್ತರಕ್ಕೆ ಎಳೆಯಬೇಕು. ಮೇಲಾಗಿ ಲೋಡು, ಎಕ್ಸಿಲರೇಟರ್ ಪೂರ್ತಿ, ಡೀಸೆಲ್ಲೂ ಜಾಸ್ತಿ ಬೇಕು. ದಾರಿಯಲ್ಲಿ ಕೂದಲೆಳೆಯ ಬಿರುಕು ಇದ್ದರೂ ಪಂಪು ಡೀಸೆಲ್ ಬದಲು ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತದೆ. ಸಮರಸ್ತೆಯಲ್ಲಿ ಅದೇ ಬಿರುಕು ಸುಮ್ಮನೆ ಇರುತ್ತದೆ.

ನಮ್ಮ ಗಾಡಿಯಲ್ಲಿ ಬೇರೆ ಫೀಡ್ ಪಂಪ್ (ಟ್ಯಾಂಕಿನಿಂದ ಮುಖ್ಯ ಪಂಪಿಗೆ ಡೀಸೆಲ್ ತಂದುಕೊಡುವ ಪಂಪು) ಇಲ್ಲ. ಮುಖ್ಯ ಪಂಪೇ ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಅಂದರೆ ಟ್ಯಾಂಕಿನಿಂದ ಪಂಪಿನ ಬಾಯಿ ತನಕ, ಫಿಲ್ಟರೂ ಸೇರಿ, ಎಲ್ಲವೂ ಎಳೆತದ ಭಾಗ. ಇಲ್ಲಿ ಸೋರಿಕೆ ಹೊರಗೆ ಬರುವುದಿಲ್ಲ, ಒಳಗೆ ಹೋಗುತ್ತದೆ. ಕೆಳಗೆ ಡೀಸೆಲ್ ಕಲೆ ಇಲ್ಲ, ಪೈಪು ಸರಿ ಇದೆ ಅಂತ ಮೆಕ್ಯಾನಿಕ್ ಹೇಳಿದ್ದು ಇದೇ ಕಾರಣಕ್ಕೆ ತಪ್ಪಾಯಿತು. ಫೀಡ್ ಪಂಪ್ ಬೇರೆ ಇರುವ ಗಾಡಿಯಲ್ಲಿ ಅದರ ಮುಂದಿನ ಭಾಗಕ್ಕೆ ಒತ್ತಡ ಇರುತ್ತದೆ, ಅಲ್ಲಿ ಸೋರಿದರೆ ಒದ್ದೆ ಕಾಣುತ್ತದೆ.

ಪರೀಕ್ಷೆ ಸುಲಭ. ಡೀಸೆಲ್ ತಡೆಯುವ ಒಂದಡಿ ಪಾರದರ್ಶಕ ಪೈಪ್ ತಂದು ಫಿಲ್ಟರಿಗೂ ಪಂಪಿಗೂ ನಡುವೆ ತಾತ್ಕಾಲಿಕವಾಗಿ ಹಾಕಿ. ಏರ್ ತೆಗೆದು (ಪೈಪಿನೊಳಗಿನ ಗಾಳಿ ಹೊರಬಿಟ್ಟು) ಸ್ಟಾರ್ಟ್ ಮಾಡಿ. ಮೊದಲ ಎರಡು ಮೂರು ನಿಮಿಷ ಗುಳ್ಳೆ ಬಂದರೆ ಲೆಕ್ಕಕ್ಕಿಲ್ಲ, ಪೈಪ್ ಬಿಚ್ಚಿದ್ದರಿಂದ ಬಂದದ್ದು. ಆಮೇಲೂ ಬರುತ್ತಲೇ ಇದ್ದರೆ ಎಲ್ಲೋ ಎಳೆಯುತ್ತಿದೆ. ನಾವು ಮೊದಲು ಅಂಗಳದಲ್ಲಿ ನಿಲ್ಲಿಸಿ ನೋಡಿದೆವು. ಒಂದು ಗುಳ್ಳೆಯೂ ಇಲ್ಲ. ಚಿಕ್ಕಪ್ಪ "ನೋಡಿದ್ಯಾ" ಅಂದರು. ಆಮೇಲೆ ಡೀಸೆಲ್ ಕಾಲು ಟ್ಯಾಂಕಿಗೆ ಇಳಿಯುವ ತನಕ ಕಾದು, ತೋಟದ ಏರಿನಲ್ಲಿ ಮುಖ ಮೇಲಕ್ಕೆ ಮಾಡಿ, ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟೆವು. ಶಾವಿಗೆ ಎಳೆಯ ಹಾಗೆ ಸಣ್ಣ ಗುಳ್ಳೆಗಳ ಸಾಲು ಓಡತೊಡಗಿತು. ಅವತ್ತು ಆ ಗುಳ್ಳೆ ನೋಡಿ ಆದ ಖುಷಿ ಹೊಸ ಗಾಡಿ ತಂದಾಗಲೂ ಆಗಿರಲಿಲ್ಲ ಬಿಡಿ.

ಎಲ್ಲಿಂದ ಅಂತ ತಿಳಿಯಲು ಪಾರದರ್ಶಕ ಪೈಪನ್ನು ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟ್ ಹಿಂದಕ್ಕೆ ಒಯ್ಯಿರಿ. ಗುಳ್ಳೆ ನಿಂತ ಜಾಗಕ್ಕೂ ಮುಂಚೆ ಕಂಡ ಜಾಗಕ್ಕೂ ನಡುವೆ ತೂತಿದೆ. ಜಾಸ್ತಿ ಕೈಕೊಡುವ ಜಾಗಗಳು ಇವು: ಫಿಲ್ಟರಿನ ಕೆಳಗೆ ನೀರು ಬಿಡುವ ಸ್ಕ್ರೂವಿನ ರಬ್ಬರ್, ಪ್ರೈಮರಿನ ಡಯಾಫ್ರಾಮ್ (ಒಳಗಿನ ರಬ್ಬರ್ ಪೊರೆ), ಪೈಪು ಸೇರಿಸುವ ತೂತಿನ ಬೋಲ್ಟಾದ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್, ಕ್ಲಿಪ್ ಕೆಳಗಿನ ರಬ್ಬರ್ ಪೈಪು, ಟ್ಯಾಂಕಿನೊಳಗೆ ಡೀಸೆಲ್ ಎಳೆಯುವ ಕಬ್ಬಿಣದ ಕೊಳವೆ. ತಾಮ್ರದ ವಾಷರ್ ಒಂದು ಸಲ ಬಿಗಿದರೆ ಗಟ್ಟಿಯಾಗುತ್ತದೆ. ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ತೀರಾ ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ.

ರಬ್ಬರಿನ ಬಗ್ಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ದೇಶದಲ್ಲಿ ಸಿಗುವುದು ಬಿಎಸ್6 ಡೀಸೆಲ್, ಅದರಲ್ಲಿ ಗಂಧಕ ಹೆಚ್ಚೆಂದರೆ 10 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಪಾಲು ಮಾತ್ರ. ಹಳೆ ಡೀಸೆಲ್‌ನಲ್ಲಿ ಉಬ್ಬಿಕೊಂಡು ವರ್ಷಗಟ್ಟಲೆ ಕೂತಿದ್ದ ರಬ್ಬರ್ ಸೀಲು ಇಂಥ ಡೀಸೆಲ್‌ನಲ್ಲಿ ಕುಗ್ಗುವುದುಂಟು. ಇಪ್ಪತ್ತು ವರ್ಷದ ಗಾಡಿಯಲ್ಲಿ ಮೂಲ ಓ ರಿಂಗೇ ಇದ್ದರೆ ಬದಲಾಯಿಸಿ. ಡೀಸೆಲ್ ತಡೆಯುವ ರಬ್ಬರ್ ಅದು, ವೈಟಾನ್ ಅಂತ ಕೇಳಿ ತನ್ನಿ.

ಇನ್ನೂ ಅನುಮಾನ ಇದ್ದರೆ ಕ್ಯಾನ್ ಪರೀಕ್ಷೆ. 5 ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಾಕಿ, ಪಂಪಿಗಿಂತ ಸ್ವಲ್ಪ ಮೇಲೆ, ಬಿಸಿ ಸೈಲೆನ್ಸರಿನಿಂದ, ಫ್ಯಾನಿನಿಂದ ದೂರ ಭದ್ರವಾಗಿ ಕಟ್ಟಿ. ಅಲ್ಲಿಂದ ನೇರ ಫಿಲ್ಟರಿಗೆ ಪೈಪು. ಮಿಕ್ಕ ಡೀಸೆಲ್ ವಾಪಸ್ ಬರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ನಿಂತಲ್ಲೇ ಓಡಿಸಿ. ತೊಂದರೆ ಮಾಯವಾದರೆ ಅದು ಹೆಚ್ಚಾಗಿ ಟ್ಯಾಂಕಿನಿಂದ ಫಿಲ್ಟರ್ ತನಕದ ದಾರಿಯದು. ಪೆಟ್ರೋಲ್ ಗಾಡಿಗೆ ಇದನ್ನು ಖಂಡಿತ ಮಾಡಬೇಡಿ.

ಟ್ಯಾಂಕಿನೊಳಗಿನ ಕಸ ಇನ್ನೊಂದು ಮೋಸಗಾರ. ಪ್ಲಾಸ್ಟಿಕ್ ಚೂರೋ, ಎಲೆಯೋ ಎಳೆಯುವ ಕೊಳವೆಯ ಬಾಯಿಗೆ ಬಂದು ಅಂಟುತ್ತದೆ. ಎಂಜಿನ್ ನಿಂತು ಎಳೆತ ಹೋದ ಕೂಡಲೇ ಕೆಳಗೆ ಬೀಳುತ್ತದೆ. ಗಾಡಿ ಮತ್ತೆ ಸ್ಟಾರ್ಟ್! ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲ, ಆದರೆ ಪೈಪು ಚಪ್ಪಟೆಯಾಗುತ್ತಿದೆ ಅಂದರೆ ಇದನ್ನು ಅನುಮಾನಿಸಿ. ಟ್ಯಾಂಕ್ ಇಳಿಸಿ ತೊಳೆಯುವುದೇ ದಾರಿ. ಬರೀ ಗಾಳಿ ಊದಿದರೆ ಕಸ ದೂರ ಹೋಗಿ ಮತ್ತೆ ಬರುತ್ತದೆ.

ನೀರು

ಮಲೆನಾಡಿನ ಮಳೆಗಾಲಕ್ಕೆ ಇದನ್ನು ಬಿಡುವಂತಿಲ್ಲ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಕಾಲು ಗಂಟೆ ಅಲ್ಲಾಡಿಸದೆ ಇಡಿ. ನೀರು ಭಾರ, ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಕಪ್ಪು ಲೋಳೆ ಕಂಡರೆ ಟ್ಯಾಂಕಿನ ತಳದಲ್ಲಿ ಬಹಳ ದಿನದಿಂದ ನೀರಿರಬಹುದು. ಮೆಕ್ಯಾನಿಕಲ್ ಪಂಪಿಗೆ ಡೀಸೆಲ್ಲೇ ಎಣ್ಣೆ. ನೀರು ಹೊಕ್ಕರೆ ಒಳಗೆ ತುಕ್ಕು, ಆಮೇಲೆ ರಿಪೇರಿಗೆ ಜೇಬು ಖಾಲಿ. ರಾತ್ರಿ ಟ್ಯಾಂಕ್ ತುಂಬಿಸಿ ನಿಲ್ಲಿಸಿದರೆ ಒಳಗೆ ಇಬ್ಬನಿ ಕಟ್ಟುವುದು ಕಡಿಮೆ.

ಕರೆಂಟಿನ ಕಡೆ

ಮೊದಲು ಕಿವಿ. ಕೀ ಆನ್ ಮಾಡಿದಾಗ ಪಂಪಿನ ಹತ್ತಿರ ಟಕ್ ಸದ್ದು ಬರಬೇಕು. ಆ ಸೊಲೆನಾಯ್ಡಿಗೆ ಹೋಗುವ ವೈರಿಗೆ ಇನ್ನೊಂದು ವೈರ್ ಜೋಡಿಸಿ, ಕ್ಯಾಬಿನ್‌ಗೆ ತಂದು, 12 ವೋಲ್ಟಿನ ಚಿಕ್ಕ ಬಲ್ಬ್ ಕಟ್ಟಿ ಕಣ್ಣಿಗೆ ಕಾಣುವ ಹಾಗೆ ಇಡಿ. ಬಲ್ಬಿನ ಇನ್ನೊಂದು ತುದಿ ಬಾಡಿಗೆ. ಈಗ ಗಾಡಿ ಓಡಿಸಿ. ನಿಲ್ಲುವ ಕ್ಷಣದಲ್ಲಿ ಬಲ್ಬ್ ಆರಿದರೆ ಕರೆಂಟ್ ಹೋಗಿದೆ. ಉರಿಯುತ್ತಲೇ ಇದ್ದರೆ ಸೊಲೆನಾಯ್ಡಿನ ತನಕ ಎಲ್ಲ ಸರಿ ಇದೆ. ಹತ್ತು ರೂಪಾಯಿಯ ಬಲ್ಬು ಹೇಳಿದ್ದನ್ನು ಕ್ಯಾಲಿಬ್ರೇಶನ್ ಬಿಲ್ಲು ಹೇಳಲಿಲ್ಲ.

ಬಲ್ಬ್ ಆರಿದರೆ ಹಿಂದಕ್ಕೆ ಹೋಗಿ: ವೈರಿನ ತುದಿಯ ಲಗ್ಗು, ಫ್ಯೂಸ್ ಹಿಡಿಯುವ ಜಾಗ, ರಿಲೇ ಇದ್ದರೆ ಅದು, ಕೀ ಸ್ವಿಚ್ಚು. ಕೀ ಗೊಂಚಲಿಗೆ ಮನೆ, ಗೋಡೌನು, ಬೀರು ಎಲ್ಲದರ ಕೀಲಿ ಸೇರಿಸಿ ತೂಗುಹಾಕುವವರಿದ್ದಾರೆ. ಆ ಭಾರ ವರ್ಷಗಟ್ಟಲೆ ಅಲ್ಲಾಡಿ ಸ್ವಿಚ್ಚಿನ ಒಳಭಾಗ ಸವೆಯುತ್ತದೆ. ಎಂಜಿನ್ ಓಡುವಾಗ ಕೀಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಆದರೆ ನಿಂತ ಗಾಡಿಯಲ್ಲಿ ಮಾತ್ರ.

ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರ್ ನೇರ ಸೊಲೆನಾಯ್ಡಿಗೆ ಕೊಟ್ಟು ಮನೆ ಸೇರಬಹುದು. ಹಾಗೆ ಕೊಡುವಾಗ ಹಳೆ ವೈರನ್ನು ಬಿಚ್ಚಿ ಟೇಪ್ ಸುತ್ತಿಡಿ. ಆದರೆ ಆಗ ಕೀ ತಿರುಗಿಸಿದರೆ ಎಂಜಿನ್ ಆಫ್ ಆಗುವುದಿಲ್ಲ, ಹೊಸ ವೈರ್ ಕೀಳಬೇಕು. ಅದನ್ನೇ ಶಾಶ್ವತ ಮಾಡಿಕೊಂಡ ಗಾಡಿಗಳನ್ನು ನೋಡಿದ್ದೇನೆ. ಅಪಘಾತವಾದಾಗ ಆಫ್ ಮಾಡಲಾಗದ ಎಂಜಿನ್ ಯಾರಿಗೆ ಬೇಕು ಹೇಳಿ?

ಉಳಿದವು

ಎಂಜಿನ್ ಕಾದಾಗ ಮಾತ್ರ ತೊಂದರೆ, ನಿಲ್ಲಿಸಿದರೆ ಬಿಸಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ, ತಣ್ಣಗಾದರೆ ಆಗುತ್ತದೆ. ಗಾಳಿಯೂ ಇಲ್ಲ, ಕರೆಂಟೂ ಇದೆ. ಆಗ ಪಂಪು ಒಳಗೆ ಸವೆದಿರಬಹುದು. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಜಾಗದಲ್ಲಿ ಜಾರಿಹೋಗುತ್ತದೆ, ಸೆಲ್ಫ್ ವೇಗಕ್ಕೆ ಒತ್ತಡ ಸಾಲುವುದಿಲ್ಲ. ಎಂಜಿನ್ ನಿಂತಿರುವಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಹತ್ತು ನಿಮಿಷ ಬಿಡಿ. ಸ್ಟಾರ್ಟ್ ಆದರೆ ಅನುಮಾನ ಗಟ್ಟಿ. ಓಡುತ್ತಿರುವ ಬಿಸಿ ಪಂಪಿಗೆ ತಣ್ಣೀರು ಸುರಿಯಬೇಡಿ, ಒಳಗೆ ಹಿಡಿದುಬಿಟ್ಟೀತು. ಪಂಪ್ ಬಿಚ್ಚುವ ಮಾತು ಬರಬೇಕಾದದ್ದು ಇಲ್ಲಿ, ಎಲ್ಲ ನೋಡಿ ಮುಗಿದ ಮೇಲೆ.

ಸಿಗ್ನಲ್ಲಿನಲ್ಲಿ, ಬ್ರೇಕ್ ಹಾಕಿ ನಿಲ್ಲಿಸುವಾಗ ಮಾತ್ರ ಆಫ್ ಆದರೆ ಐಡ್ಲಿಂಗ್ ಕಡಿಮೆ ಇದೆಯೋ, ಕ್ಲಚ್ ಪೂರ್ತಿ ಬಿಡುತ್ತಿಲ್ಲವೋ ನೋಡಿ. ಏರ್ ಫಿಲ್ಟರ್ ಕಟ್ಟಿದ್ದರೆ ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಡಯಾಫ್ರಾಮ್ ಇರುವ ಫೀಡ್ ಪಂಪ್ ಹರಿದರೆ ಎಂಜಿನ್ ಆಯಿಲ್ ಮಟ್ಟ ಏರುತ್ತದೆ, ಡಿಪ್ ಸ್ಟಿಕ್ಕಿನಲ್ಲಿ ಡೀಸೆಲ್ ವಾಸನೆ. ಆಗ ಗಾಡಿ ಓಡಿಸಬೇಡಿ.

ನಿಮ್ಮದು ಕಾಮನ್ ರೈಲ್ ಗಾಡಿಯಾದರೆ ನಾಜಲ್ ನಟ್ ಸಡಿಲಿಸಿ ಏರ್ ತೆಗೆಯುವ ಹಳೆ ಅಭ್ಯಾಸ ಬಿಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಕೊರೆದು ಒಳಗೆ ಹೋಗುತ್ತದೆ. ಬಿಸಿಯಾದಾಗ ನಿಂತು ತಣ್ಣಗಾದ ಮೇಲೆ ಓಡಿದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ಹೇಳುವ ಕ್ರ್ಯಾಂಕ್ ಸೆನ್ಸರ್ ಮೇಲೂ ಅನುಮಾನ ಇಡಿ, ಸ್ಕ್ಯಾನರ್ ಹಾಕಿಸಿ.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದು

ಗುಳ್ಳೆ ಹಿಂಬಾಲಿಸಿ ಹೋದರೆ ಗೇರ್ ಬಾಕ್ಸ್ ಪಕ್ಕದಲ್ಲಿ ಕಬ್ಬಿಣದ ಪೈಪಿಗೆ ಸೇರಿಸಿದ ರಬ್ಬರ್ ತುಂಡು. ಮೇಲಿನಿಂದ ನೋಡಿದರೆ ಒಳ್ಳೆಯದೇ. ಕ್ಲಿಪ್ ಬಿಚ್ಚಿ ಬಗ್ಗಿಸಿದಾಗ ಕೆಳಭಾಗದಲ್ಲಿ ಉಗುರಿನಷ್ಟು ಬಿರುಕು ಬಾಯಿ ಬಿಟ್ಟಿತು. ಪ್ರತಿ ಸಲ ಗ್ಯಾರೇಜಿನವರು ಏನು ಬದಲಾಯಿಸಿದರೂ ಕೊನೆಗೆ ಏರ್ ತೆಗೆಯುತ್ತಿದ್ದರು. ಚಿಕ್ಕಪ್ಪ ವಾಪಸ್ ಬರುವಾಗ ಟ್ಯಾಂಕ್ ತುಂಬಿಸುತ್ತಿದ್ದರು. ಒಂದು ವಾರ ಗಾಡಿ ಚೆನ್ನಾಗಿ ಓಡುತ್ತಿತ್ತು. ಎಲ್ಲರಿಗೂ ತಮ್ಮ ರಿಪೇರಿಯೇ ಸರಿ ಅನಿಸುತ್ತಿತ್ತು. ಯಾರನ್ನು ದೂರುವುದು?

ಹೊಸ ಪೈಪ್ ಹಾಕಿದ ಮೇಲೆ ಘಾಟಿಯಲ್ಲಿ ನಿಲ್ಲಲಿಲ್ಲ. ಮೂರು ವಾರದ ನಂತರ ಬಣಕಲ್ ಹತ್ತಿರ ಸಮರಸ್ತೆಯಲ್ಲಿ ಗುಂಡಿಗೆ ಇಳಿದ ಕೂಡಲೇ ಟಕ್ಕನೆ ನಿಂತಿತು. ಚಿಕ್ಕಪ್ಪ ಫೋನ್ ಮಾಡಿ, "ನಿನ್ನ ಪೈಪು ಹೋಯ್ತಾ?" ಅಂದರು. ಹೇಗೆ ನಿಂತಿತು ಕೇಳಿದೆ. ಕೀ ಆಫ್ ಮಾಡಿದ ಹಾಗೆ. ಪ್ರೈಮರ್? ಎರಡೇ ಒತ್ತಿಗೆ ಗಟ್ಟಿ. ಡ್ಯಾಶ್ ದೀಪ? ಉರಿಯುತ್ತಿತ್ತು. ಹಾಗಾದರೆ ಇದು ಬೇರೆಯೇ ತೊಂದರೆ. ಮೊದಲನೆಯದರ ಮರೆಯಲ್ಲಿ ಕೂತಿತ್ತು. ಬಲ್ಬ್ ಕಟ್ಟಿದ ಎರಡನೇ ದಿನವೇ ಸಿಕ್ಕಿತು. ಸೊಲೆನಾಯ್ಡಿನ ವೈರು ಲಗ್ಗಿನ ಹತ್ತಿರ ಸಿಪ್ಪೆಯೊಳಗೇ ತುಂಡಾಗಿತ್ತು, ಒಂದೆರಡು ಎಳೆ ಮಾತ್ರ ಹಿಡಿದುಕೊಂಡಿದ್ದವು. ಹೊಸ ಲಗ್ಗು ಹಾಕಿ, ಅಲ್ಲಾಡದ ಹಾಗೆ ವೈರನ್ನು ಬ್ರಾಕೆಟ್ಟಿಗೆ ಕಟ್ಟಿದೆವು.

ಅದಾಗಿ ಎರಡು ಮಳೆಗಾಲ ಕಳೆದವು. ಚಿಕ್ಕಪ್ಪ ಮಾತ್ರ ಈಗಲೂ ಉಜಿರೆಯಲ್ಲಿ ಟ್ಯಾಂಕ್ ತುಂಬಿಸದೆ ಘಾಟಿ ಹತ್ತುವುದಿಲ್ಲ.